ಒಂದು ವೇದಿಕೆ, ಎರಡು ಮೈಕು

ಗೆಳೆಯರೇ, ನಾಳೆ ಸಂಜೆ ಯಾರೂ ತಪ್ಪಿಸಬೇಡಿ! ಸಿರುಗುಪ್ಪದ ಇಬ್ಬರು ಮೈಕ್‌ಸೆಟ್ ಮಾಲೀಕರು, ಬಸಣ್ಣನವರು ಮತ್ತು ಎರ್ರಿಸ್ವಾಮಿಯವರು, ನಮ್ಮ ಯುವಕ ಸಂಘದ ಒಂದೇ ವೇದಿಕೆಯಲ್ಲಿ ಸನ್ಮಾನಕ್ಕೆ ಕೂರುತ್ತಾರೆ. ಮದುವೆ ಚಪ್ಪರದಲ್ಲಿ ಒಬ್ಬರ ಗ್ರಾಮಫೋನ್ ಹಾಡಿದರೆ ಇನ್ನೊಬ್ಬರು ಎಲೆ ಬಿಟ್ಟು ಏಳುವ ಜನ!

ಇವತ್ತು ಕರೆಯಲು ಹೋದೆ. ಬಸಣ್ಣನವರು ಹಾರ್ನಿನ ಧೂಳು ಒರೆಸುತ್ತ ಕೇಳಿದರು: "ಸನ್ಮಾನ ಇರ್ಲಿ, ಮೈಕು ಯಾರ್ದು?"

ಅಯ್ಯೋ, ಸಂಘದಲ್ಲಿ ಯಾರೂ ಇದನ್ನು ಯೋಚಿಸಿರಲೇ ಇಲ್ಲ! "ನಿಮ್ದ ರೀ" ಎಂದುಬಿಟ್ಟೆ.

ಎದುರು ಅಂಗಡಿಯ ಎರ್ರಿಸ್ವಾಮಿಯವರಿಗೆ ಅದು ಕೇಳಿಸಿಯೇಬಿಟ್ಟಿತು. ಅಲ್ಲಿಂದಲೇ ಕೂಗಿದರು: "ಅವನ ಮೈಕಿನಾಗ ನಾ ಮಾತಾಡಂಗಿಲ್ಲ! ನನ್ ಮೈಕು ನಾನ ತರ್ತೀನಿ, ಹೋಗ್ರಿ!"

ಹೀಗಾಗಿ ನಾಳೆ ವೇದಿಕೆ ಒಂದೇ, ಮೈಕು ಎರಡು, ಹಾರ್ನುಗಳು ಎದುರುಬದುರು. ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕೆಂದು ನಮ್ಮ ಅಧ್ಯಕ್ಷರು ಕೈಮುಗಿದರು. ಇಬ್ಬರೂ ನಗುನಗುತ್ತ ಒಪ್ಪಿದರು. ಸಂಜೆಯೊಳಗೆ ಇಬ್ಬರಿಂದಲೂ ಒಂದೇ ಮಾತು ಬಂತು: "ಮೊದಲು ನಾನ!"

ನನಗಂತೂ ಈಗಿನಿಂದಲೇ ನಗು ತಡೆಯಲಾಗುತ್ತಿಲ್ಲ. ಮುಂದಿನ ಸಾಲನ್ನು ಅತಿಥಿಗಳಿಗೇ ಬಿಟ್ಟಿದ್ದೇವೆ, ಸಂಘದವರು ಯಾರೂ ಅಲ್ಲಿ ಕೂರುವುದಿಲ್ಲ. ಕಿವಿಯ ಮೇಲೆ ಆಸೆಯಿದ್ದವರು ಹತ್ತಾರು ಮೈಲಿ ಆಚೆಯ ಮೋಕ ಊರಲ್ಲೇ ಕೂತುಕೊಳ್ಳಿ, ಅಲ್ಲಿಗೂ ಕೇಳಿಸುತ್ತದೆ.