ವರ್ನೀಟಾ ಬೇಡ ಅಂದಳು

ಡೆಟ್ರಾಯಿಟ್‌ನ ಪೂರ್ವದ ಕೇರಿಗಳಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ ವರ್ನೀಟಾ ಗ್ಯಾಡ್ಸನ್‌ಳದು ದಪ್ಪ ದನಿ. ಹಿಂದಿನ ಸೀಟುಗಳಲ್ಲಿ ಗಲಾಟೆಯಾದರೆ ತಿರುಗಿ ನೋಡದೆ ಒಂದು ಮಾತು ಅಂದಳೆಂದರೆ ಸಾಕು, ಬಸ್ಸು ತಣ್ಣಗಾಗುತ್ತಿತ್ತು. ಆ ದನಿಯಲ್ಲೇ ಅವಳು ರ‍್ಯಾಪ್ ಹೇಳುತ್ತಿದ್ದಳು. ಸಾಲು ಕಟ್ಟುತ್ತಿದ್ದವಳೂ ಅವಳೇ. ತಾಳ ಕೂಡಿಸುತ್ತಿದ್ದವನು ಪಕ್ಕದ ಮನೆಯ ಲಾಮಾಂಟ್ ಟಿಲ್ಮನ್. ತಾಯಿ ಫ್ಯಾಕ್ಟರಿಯ ಪಾಳಿಗೆ ಹೋದಾಗಲೆಲ್ಲ ವರ್ನೀಟಾಳ ಅಜ್ಜಿ ಮಿಸ್ ಯೂಲಾಳ ಅಡುಗೆಮನೆಯಲ್ಲಿ ಉಂಡು ಬೆಳೆದವನು. ಊರಿನ ಅಡಿಯಲ್ಲಿ ಉಪ್ಪಿನ ಗಣಿ ಇರುವುದರಿಂದ ಇಬ್ಬರೂ ತಮ್ಮ ಜೋಡಿಗೆ ‘ಕಲ್ಲುಪ್ಪು’ ಎಂದು ಹೆಸರಿಟ್ಟುಕೊಂಡಿದ್ದರು.

ತೊಂಬತ್ತಾರರ ಚಳಿಗಾಲವೆಲ್ಲ ಅಜ್ಜಿಯ ನೆಲಮಾಳಿಗೆಯೇ ಅವರ ಸ್ಟುಡಿಯೋ. ಗೋಡೆಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿ ಆಲ್ಬಮ್ ಮಾಡಿದರು. ಒಂದು ದಿನ ಮೇಲೆ ಸೊಪ್ಪು ಬಿಡಿಸುತ್ತ ಕೂತ ಅಜ್ಜಿ ಚರ್ಚಿನ ಹಾಡೊಂದನ್ನು ಗುನುಗುತ್ತಿದ್ದಳು. ಲಾಮಾಂಟ್ ಮೈಕನ್ನು ಮೆಟ್ಟಿಲ ಮೇಲಿಟ್ಟು ಆ ಗುನುಗನ್ನು ಟೇಪಿನಲ್ಲಿ ಹಿಡಿದುಕೊಂಡ. ಅದನ್ನೇ ಮೊದಲ ಹಾಡಿನ ತಳಕ್ಕೆ ಹಾಸಿದ. ಕೇಳಿದವರು ಕೇಳುತ್ತಲೇ ನಿಲ್ಲುತ್ತಿದ್ದರು.

ಕ್ಯಾಸೆಟ್ ಕಂಪನಿಯೊಂದು ಕರೆದಿದೆ, ಇಬ್ಬರ ಪರವಾಗಿಯೂ ಮಾತಾಡಿ ಬರುತ್ತೇನೆ ಎಂದು ಅವನು ನ್ಯೂಯಾರ್ಕಿಗೆ ಹೋದ. ಹಿಮ ಕರಗುವ ಹೊತ್ತಿಗೆ ವರ್ನೀಟಾ ಕ್ಯಾಸೆಟ್ ಅಂಗಡಿಗೆ ಹೋದಾಗ, ಮಾಲೀಕ ಹೊಸಿಯಾ, ಕಂಪನಿಯವರು ಕಳಿಸಿದ ಮಾದರಿ ಕ್ಯಾಸೆಟ್ಟನ್ನು ಖುಷಿಯಿಂದ ಹಾಕಿದ. ಅವಳ ಸಾಲುಗಳೇ. ಹೇಳುತ್ತಿದ್ದವಳು ಮಾತ್ರ ಬೇರೆ ಯಾರೋ, ಎಳೆ ದನಿಯ ಹುಡುಗಿ.

“ನೆಗಡಿ ಆಗಿತ್ತೇನಮ್ಮಾ ಆವಾಗ? ದನಿ ಒಂಥರಾ ಇದೆ,” ಎಂದ ಹೊಸಿಯಾ.

ಹೌದು ಎಂದು ಹೇಳಿ ವರ್ನೀಟಾ ಹೊರಗೆ ಬಂದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

ಮರುವಾರ ಲಾಮಾಂಟ್ ಹೊಸ ಚರ್ಮದ ಕೋಟು ತೊಟ್ಟು ತಾನೇ ಬಂದ. ಅವಳ ದನಿ ದಪ್ಪವಾಯಿತು, ಮುಖವೂ ಫೋಟೋಕ್ಕೆ ಒಗ್ಗುವುದಿಲ್ಲ ಅಂದರಂತೆ ಕಂಪನಿಯವರು. ಸಾಲುಗಳನ್ನೆಲ್ಲ ತನ್ನ ಹೆಸರಲ್ಲೇ ಬರೆಸಿಕೊಂಡಿದ್ದ. “ಬೇಜಾರು ಮಾಡ್ಕೋಬೇಡ ಕಣೇ, ಥ್ಯಾಂಕ್ಸ್ ಅಂತ ಕವರಿನ ಹಿಂದುಗಡೆ ನಿನ್ನ ಹೆಸರು ಹಾಕ್ಸಿದೀನಿ,” ಎಂದ. ಅವನು ಬಂದದ್ದು ಅದಕ್ಕಲ್ಲ. ಗುನುಗಿದ ಮುದುಕಿಯ ಸಹಿ ಇಲ್ಲದೆ ಕಂಪನಿಯ ವಕೀಲರು ಕ್ಯಾಸೆಟ್ಟನ್ನು ಬಿಡುವುದಿಲ್ಲ. ಆ ಹಾಡು ತೆಗೆದರೆ ಕಂಪನಿಗೆ ಆಲ್ಬಮ್ಮೇ ಬೇಡ.

ವರ್ನೀಟಾಳಿಗೆ ಒಳಗೊಳಗೇ ನಗು ಬಂತು. ಕೊರಳಪಟ್ಟಿ ಹಿಡಿಯಬೇಕೆಂದು ಕಾದಿದ್ದವಳಿಗೆ ಜುಟ್ಟೇ ಕೈಗೆ ಸಿಕ್ಕಿತ್ತು.

“ಭಾನುವಾರ ಚರ್ಚಿಗೆ ಬಾ. ಆ ಸಾಲು ಯಾರು ಕಟ್ಟಿದ್ದು ಅಂತ ಎಲ್ಲರ ಮುಂದೆ ಎದ್ದು ನಿಂತು ಹೇಳು. ಆಮೇಲೆ ಕಾಗದ ತಗೊಂಡು ಅಜ್ಜಿ ಹತ್ರ ಹೋಗು,” ಎಂದಳು.

ಅವನು ಬಂದ. ಪಾದ್ರಿಯ ಅಪ್ಪಣೆ ಕೇಳಿ ಎದ್ದು ನಿಂತು, ಕಟ್ಟಿದ್ದು ವರ್ನೀಟಾ, ಕದ್ದಿದ್ದು ನಾನು ಎಂದ. ಹೇಳುತ್ತ ಹೇಳುತ್ತ ನಿಜವಾಗಿಯೂ ಅತ್ತ. ಹ್ಯಾಟು ತೊಟ್ಟ ಹೆಂಗಸರು ಆಮೆನ್ ಅಂದರು, ಅವನ ಬೆನ್ನು ಸವರಿದರು. ಆ ಕಣ್ಣೀರು ನೋಡಿ ವರ್ನೀಟಾಳ ಮನಸ್ಸು ಒಂದು ಗಳಿಗೆ ಅಲುಗಿದ್ದೂ ಉಂಟು. ಆದರೆ ಹೊಸಿಯಾನ ಮಾತು ಮತ್ತೆ ಕಿವಿಗೆ ಬಂತು.

ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟ. ಕರಿದ ಕೋಳಿಯ ತಟ್ಟೆಯನ್ನು ಸರಿಸಿ ಲಾಮಾಂಟ್ ಅಜ್ಜಿಯ ಮುಂದೆ ಕಾಗದ ಇಟ್ಟ. ಮಿಸ್ ಯೂಲಾ ಪೆನ್ನು ತೆಗೆದುಕೊಂಡಳು. ಕ್ಷಮಿಸಿಬಿಡುವುದು ಅವಳ ಜಾಯಮಾನ. ಆದರೂ ಮೊಮ್ಮಗಳ ಮುಖ ನೋಡಿದಳು.

“ಅನ್ಯಾಯ ಆಗಿದ್ದು ನಿನಗೆ. ನೀನೇ ಹೇಳು ಮಗಳೇ. ಹೇಳಿದ್ಮೇಲೆ ಅದನ್ನ ಹೊತ್ಕೊಂಡು ಬದುಕೋಳೂ ನೀನೇ.”

“ಬೇಡ,” ಅಂದಳು ವರ್ನೀಟಾ.

“ಮಾತು ಕೊಟ್ಟಿದ್ದೆ ನೀನು,” ಎಂದ ಲಾಮಾಂಟ್.

“ಅಜ್ಜಿ ಹತ್ರ ಹೋಗು ಅಂದಿದ್ದೆ. ಹೋದೆಯಲ್ಲ. ಸೈನ್ ಹಾಕ್ತೀವಿ ಅಂತ ನಾನ್ಯಾವಾಗ ಅಂದೆ? ಕೋಳಿ ಆರಿಹೋಗ್ತಿದೆ, ತಿನ್ನು.”

ಅವನು ತಿನ್ನಲಿಲ್ಲ. ಕಂಪನಿ ಆಲ್ಬಮ್ಮನ್ನೂ ಕೈಬಿಟ್ಟಿತು, ಅವನನ್ನೂ ಕೈಬಿಟ್ಟಿತು. ಬೇಸಿಗೆ ಮುಗಿಯುವುದರೊಳಗೆ ಊರಿಗೆ ಮರಳಿ ಟೈರ್ ಅಂಗಡಿ ಸೇರಿದ. ವರ್ನೀಟಾ ನೆಲಮಾಳಿಗೆಯ ಮೂಲ ಟೇಪುಗಳಿಂದ ಪ್ರತಿ ತೆಗೆದು ತನ್ನದೇ ದನಿಯ ಆಲ್ಬಮ್ಮನ್ನು ಕಾರಿನ ಡಿಕ್ಕಿಯಿಂದ ಹಂಚಿದಳು. ಪೂರ್ವದ ಕೇರಿಗಳಲ್ಲಿ ಅದು ಹರಡಿತು, ಅದರಾಚೆ ಹೋಗಲಿಲ್ಲ. ಇನ್ನೊಬ್ಬರ ತಾಳಕ್ಕೆ ಹೇಳಲು ಎರಡು ಸಲ ನೋಡಿದಳು. ಬಾಯಿಗೆ ಬರಲಿಲ್ಲ. ಲಾಮಾಂಟ್‌ನಂತೆ ತಾಳ ಕೂಡಿಸುವವರು ಊರಲ್ಲಿ ಇರಲಿಲ್ಲ. ಅದನ್ನು ಅವಳು ಯಾರ ಮುಂದೆಯೂ ಹೇಳಲಿಲ್ಲ.

ಕೆಲವು ವರ್ಷಗಳ ನಂತರ ಮಿಸ್ ಯೂಲಾ ತೀರಿಕೊಂಡಳು. ಕರೆಯದಿದ್ದರೂ ಲಾಮಾಂಟ್ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟ. ವರ್ನೀಟಾ ತಡೆಯಲಿಲ್ಲ, ಮಾತಾಡಿಸಲೂ ಇಲ್ಲ. ಮಣ್ಣು ಮುಗಿಸಿ ಬಂದವರಿಗೆ ಊಟ ಬಡಿಸುವಾಗ, ಅವನನ್ನು ಎಲ್ಲಿ ಕೂರಿಸಲಿ ಎಂದು ಚರ್ಚಿನ ಹೆಂಗಸೊಬ್ಬಳು ಅವಳ ಕಿವಿಯಲ್ಲಿ ಕೇಳಿದಳು.

“ಹೊಟ್ಟೆ ತುಂಬ ಬಡಿಸಿ. ಅಜ್ಜಿ ಸಾಕಿದ ಹುಡುಗ,” ಎಂದಳು ವರ್ನೀಟಾ. “ನನ್ನ ಟೇಬಲ್ಲಿಗೆ ಮಾತ್ರ ಬೇಡ.”