ಆರಾಮ ಇದ್ದವರ ಮನೆಗೆ ಸೇಬು

ಹೋದ ಶನಿವಾರ ಆಳಂದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಿಲೋ ಸೇಬು ಕೊಂಡು ಮನೆಗೆ ಹೋದೆ. ಕ್ಯಾರಿಬ್ಯಾಗ್ ನೋಡಿದ್ದೇ ತಡ, ಅವ್ವ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

"ರಿಪೋರ್ಟಿನಾಗ ಏನ್ ಬಂದದ?"

ಹಿಂದಿನ ದಿನ ಅವಳ ರಕ್ತ ಪರೀಕ್ಷೆ ಮಾಡಿಸಿದ್ದೆ. ಎಲ್ಲ ನಾರ್ಮಲ್. ಹೊಟ್ಟೆ ಸಾಫ್ ಆಗಲು ಹಣ್ಣು, ನೀರು ಹೆಚ್ಚು ತಗೊಳ್ಳಲಿ ಅಂದಿದ್ದರು ಡಾಕ್ಟರು. ಅಷ್ಟೇ.

"ಏನೂ ಇಲ್ಲವ್ವ."

"ಏನೂ ಇಲ್ಲಂದ್ರ ಸೇಬು ಯಾಕ ತಂದಿ?"

ಅವಳು ಕೇಳಿದ್ದೂ ಸರಿಯೇ. ಅಫಜಲಪುರದಿಂದ ಜೇವರ್ಗಿವರೆಗೆ ಯಾವ ದವಾಖಾನೆಗೆ ಬೇಕಾದರೂ ಹೋಗಿ ನೋಡಿ, ಮಂಚದ ಪಕ್ಕ ಸೇಬಿನ ಚೀಲ. ಆರಾಮ ಇದ್ದವರಿಗೆ ಬಾಳೆಹಣ್ಣು, ಪೇರಲ. (ಸೇಬು ತಿನ್ನಬೇಕಾದರೆ ನಮ್ಮಲ್ಲಿ ಮೊದಲು ಅಡ್ಮಿಟ್ ಆಗಬೇಕು.)

ಅಷ್ಟರಲ್ಲಿ ಪಕ್ಕದ ಮನೆಯ ಶಹನಾಜ್ ಆಪಾ ಬಂದರು. "ನೀ ಸೇಬು ತರೋದು ನೋಡ್ದೆ. ಅವ್ವಗ ಏನಾಗ್ಯಾದ?" ಅವರ ಕೈಯಲ್ಲೂ ನಾಲ್ಕು ಸೇಬು.

ನಾನು ಸುಮ್ಮನಿರಬೇಕಲ್ಲ? ಕಡಗಂಚಿ ಯೂನಿವರ್ಸಿಟಿಯ ಬಸ್ಸಿನಲ್ಲಿ ಎರಡು ವರ್ಷ ನಿಂತುಕೊಂಡೇ ಓಡಾಡಿ ಎಂ.ಎ. ಮಾಡಿದವಳು, ನಮ್ಮ ಮನೆತನದ ಮೊದಲ ಡಿಗ್ರಿ ನನ್ನದೇ. ಭಾಷಣ ಶುರು ಮಾಡಿದೆ. "ಸಿಪ್ಪಿ ತೆಗೀಬ್ಯಾಡ ಬೇ, ತೊಳದು ಹಂಗೇ ತಿನ್ನು. ಸಿಪ್ಪ್ಯಾಗೂ ನಾರು ಅದ, ಹೊಟ್ಟಿ ಹಗುರ ಆಗ್ತದ. ಜ್ಯೂಸ್ ಮಾಡಿ ಸೋಸಿದ್ರ ನಾರು ಹೋಗಿ ಸಿಹಿನೀರು ಉಳಿತದ."

"ನಿಮ್ಮಪ್ಪಗೂ ಹಿಂಗೇ ಹೇಳ್ತಿದ್ದಿ," ಅಂದಳು ಅವ್ವ.

ನಾನು ಎದ್ದು ಸೇಬು ತೊಳೆದೆ.

ಅಪ್ಪ ದವಾಖಾನೆಯಲ್ಲಿದ್ದಾಗ ಇಂಗ್ಲಿಷ್ ರಿಪೋರ್ಟ್ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಅದರಲ್ಲಿ ಏನಿದೆ ಅಂತ ಗೊತ್ತಾದ ಮೇಲೂ ಅವ್ವನಿಗೆ "ಏನೂ ಇಲ್ಲವ್ವ, ಆರಾಮ ಆಗ್ತಾನ" ಅಂದಿದ್ದೆ. ಅವತ್ತೂ ನನ್ನ ಕೈಯಲ್ಲಿ ಸೇಬಿನ ಚೀಲ ಇತ್ತು. ತಿಂಗಳು ತುಂಬುವುದರೊಳಗೆ ಅಪ್ಪ ಹೋದ.

ಕೂರಲಾಗಲಿಲ್ಲ. ತೊಳೆದ ಸೇಬನ್ನೇ ಮತ್ತೆ ತೊಳೆದೆ. ರಿಪೋರ್ಟ್ ಬಿಚ್ಚಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿ ಹೇಳಿದೆ. ಅವ್ವ ಕಾಗದ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಕಡೆಗೆ ಅದನ್ನು ಕಸಿದುಕೊಂಡು, ಚಪ್ಪಲಿ ಮೆಟ್ಟಿ, ಓಣಿ ತುದಿಯ ಮೆಡಿಕಲ್ ಅಂಗಡಿಯವನಿಗೆ ತೋರಿಸಲು ನಡೆದಳು.

ರಿಸಲ್ಟ್ ಕಾಯುವ ಹುಡುಗಿಯ ಹಾಗೆ ಬಾಗಿಲಲ್ಲಿ ನಿಂತೆ. ಒಳಗೆ ಹೋದೆ. ಮತ್ತೆ ಬಾಗಿಲಿಗೆ ಬಂದೆ.

"ಕೂಡಬೇ, ನೀ ಹಿಂಗ ತಿರುಗಿದ್ರ ನನಗೇ ಬಿ.ಪಿ. ಬರ್ತದ," ಅಂದರು ಆಪಾ.

ಅವ್ವ ಬಂದಳು. "ಏನೂ ಇಲ್ಲ ಅಂದಾನ ಅಂವ."

ನಾನೂ ಅದನ್ನೇ ಹೇಳಿದ್ದೆ. ಆದರೆ ಅವನು ಹೇಳಿದ ಮೇಲೆ ಅವ್ವನ ಮುಖ ಬೇರೆಯೇ ಆಗಿತ್ತು. ಎರಡು ಸೇಬು ಹೋಳು ಮಾಡಿ, ಮೇಲೆ ಶೇಂಗಾ ಹಿಂಡಿ, ಅದೇ ಖಾರದ ಚಟ್ನಿಪುಡಿ, ಉದುರಿಸಿ, ಮೊದಲ ಹೋಳು ಆಪಾನ ಕೈಗಿಟ್ಟಳು. ಸಿಪ್ಪೆ ಸಮೇತ. ನೀವೂ ಹಾಗೆ ತಿಂದು ನೋಡಿ. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೇ ಬಾಯಿಗೆ ಬರುತ್ತವೆ, ಜೊತೆಗೆ ಶೇಂಗಾದ ಕಸುವು.

ಈ ಶನಿವಾರವೂ ಒಂದು ಕಿಲೋ ತಂದಿದ್ದೇನೆ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. "ಏನೂ ಇಲ್ಲವ್ವ" ಅಂತ ನಾನು ಹೇಳಿದ್ದನ್ನು ಅವ್ವ ನಂಬಬೇಕಾದರೆ ಇನ್ನೆಷ್ಟು ಕಿಲೋ ತರಬೇಕು?