ಬೆಲ್ಮೀರು ನೆಲ ನೋಡಿ ಬಂದ ರಜೆ

ಪ್ರವಾಸದ ಮೊದಲ ಪಾಠ ಲಿಸ್ಬನ್ ವಿಮಾನ ನಿಲ್ದಾಣದಲ್ಲೇ ಸಿಕ್ಕಿತು: ಕೈಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ಯಾರೂ ರಜೆಗೆ ಹೊರಡಬಾರದು. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದಾಗ ಬೆಲ್ಮೀರು ನಾಚಲೂ ಇಲ್ಲ, ಹೆದರಲೂ ಇಲ್ಲ.

"ಜೋಪಾನ ಮಗಳೇ, ಅದರ ಹಿಡಿ ಸ್ವಲ್ಪ ಸಡಿಲ ಇದೆ" ಎಂದ.

"ಅಪ್ಪಾ, ಸುತ್ತಿಗೆ ಯಾಕೆ ತಂದೆ?" ಮಗಳು ನೊಯೆಮಿಯಾ ಹಣೆ ಚಚ್ಚಿಕೊಂಡಳು.

"ನೀನು ಕ್ಯಾಮೆರಾ ಯಾಕೆ ತಂದೆ?"

ನಲವತ್ತೊಂದು ವರ್ಷ ಮಂಡಿಯೂರಿ ಲಿಸ್ಬನ್ನಿನ ಕಾಲುದಾರಿಗಳಿಗೆ ಕಲ್ಲು ಹಾಸಿದವನು ಬೆಲ್ಮೀರು. ಎಡಗೈಯಲ್ಲಿ ಕಲ್ಲು ಹಿಡಿದು ಬಲಗೈಯಲ್ಲಿ ಎರಡೇಟು ಹಾಕಿದರೆ ಬೇಕಾದ ಆಕಾರ ಬರುತ್ತಿತ್ತು. ತನ್ನ ಬಡಾವಣೆಯ ಮಾರುಕಟ್ಟೆಯ ಮುಂದೆ ಬಿಳಿ ಕಲ್ಲಿನ ನಡುವೆ ಕಪ್ಪು ಕಲ್ಲಿನ ಅಲೆಗಳನ್ನು ಅವನೇ ಹಾಸಿದ್ದ. ಆದರೆ ಊರಿಗೆಲ್ಲ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತು ಸುಳ್ಳಲ್ಲ. ಎರಡು ವರ್ಷದ ಹಿಂದೆ, ಜಿಟಿಜಿಟಿ ಮಳೆಯಲ್ಲಿ ಮೀನಿನ ಚೀಲ ಹಿಡಿದು ಬರುತ್ತಿದ್ದ ಅವನ ಹೆಂಡತಿ ಅರ್ಮಿಂದಾ ಅದೇ ಅಲೆಗಳ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಂದಿನಿಂದ ಗಂಡನ ತೋಳು ಹಿಡಿಯದೆ ಅವಳು ಬೀದಿಗಿಳಿದಿಲ್ಲ. ಈಗ ಬಡಾವಣೆಯ ಕಚೇರಿಯವರು ಆ ಕಲ್ಲೆಲ್ಲ ಕಿತ್ತು ಸಿಮೆಂಟು ಸುರಿಯಲು ಹೊರಟಿದ್ದರು. ಸೆಪ್ಟೆಂಬರಿನಲ್ಲಿ ಸಭೆ. ಬೇಡ ಎನ್ನಲು ಬೆಲ್ಮೀರುವಿಗೆ ಬಾಯಿಯೇ ಇರಲಿಲ್ಲ, ಬಿದ್ದವಳು ಮನೆಯಲ್ಲೇ ಇದ್ದಳಲ್ಲ.

ಹಾಗಾಗಿ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ನೊಯೆಮಿಯಾ, "ಒಂಬತ್ತು ದಿನ, ಮೂರು ಹಳೇ ಊರು, ನಿನ್ನ ಮೊಮ್ಮಗಳೂ ಸೇರಿ ನಾವೆಲ್ಲ ಒಟ್ಟಿಗೆ" ಎಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೆಲ್ಲ ಮಳೆ ಬರುತ್ತಾ?"

ರೋಮಿನಲ್ಲಿ ಮಳೆಯ ಹನಿಯೂ ಇರಲಿಲ್ಲ. ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ಬೆಲ್ಮೀರು ನಡುಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದಿಗೆ ಉಗುರು ತೂರಿಸುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

"ಅಪ್ಪಾ, ಮೇಲೆ ನೋಡು! ಇದನ್ನ ನೋಡಕ್ಕೆ ಪ್ರಪಂಚವೇ ಬರುತ್ತೆ."

"ಅದೆಲ್ಲಿಗೂ ಓಡಿಹೋಗಲ್ಲ ಕಣೆ. ಈ ಕರಿಕಲ್ಲು ನೋಡು, ಕೆಳಗೆ ಚೂಪು ಮಾಡಿ ಮೊಳೆ ಹೊಡೆದಂಗೆ ಇಳಿಸಿದಾರೆ. ಭಲೇ!" ಎಂದವನು ಬಾಟಲಿಯ ನೀರನ್ನೆಲ್ಲ ನೆಲಕ್ಕೆ ಸುರಿದು ಅಂಗೈಯಿಂದ ಉಜ್ಜಿದ. "ಊಹೂಂ. ಜಾರುತ್ತೆ. ನಮ್ಮದಕ್ಕಿಂತ ಕಡೆ."

"ಕುಡಿಯೋ ನೀರು ಪುಣ್ಯಾತ್ಮ!" ಎಂದು ಅರ್ಮಿಂದಾ ಕೂಗುವಷ್ಟರಲ್ಲಿ ಅದು ಹರಿದುಹೋಗಿತ್ತು.

ಮಧ್ಯಾಹ್ನಕ್ಕೆ ಮುಂಚೆ ಮೂರು ಚರ್ಚು ನೋಡಿದರೆ ಸಂಜೆಗೆ ಒಂದೂ ನೆನಪಿರುವುದಿಲ್ಲ ಎಂಬುದು ನೊಯೆಮಿಯಾ ಕಲಿತ ಪಾಠ. ಹೊಸ ಊರಿಗೆ ಹೊಸ ಚಪ್ಪಲಿ ಬೇಡ ಎಂಬುದನ್ನು ಅವಳ ಎರಡೂ ಹಿಮ್ಮಡಿಯ ಬೊಬ್ಬೆಗಳೇ ಹೇಳಿದವು. ಅರ್ಮಿಂದಾಳದ್ದು ಒಂದೇ ನಿಯಮ: ಶೌಚಾಲಯ ಕಂಡಾಗಲೆಲ್ಲ ಹೋಗಬೇಕು, ಬಂದಾಗ ಹುಡುಕಬಾರದು. ವಿಯೆನ್ನಾದಲ್ಲಿ ಎಲ್ಲರಿಗೂ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಅಲ್ಲಿ ಬೆಲ್ಮೀರು ಅಗಲವಾದ ಚಪ್ಪಡಿಗಳನ್ನು ಕಾಲಿನಿಂದ ತಟ್ಟಿ, "ಇದು ಹಾಸೋ ಕೆಲಸ ಅಲ್ಲ, ಸಾಗಿಸೋ ಕೆಲಸ" ಎಂದು ಮುಂದೆ ಹೋದ. ಅರ್ಮಿಂದಾ ಮಾತ್ರ ಚಪ್ಪಡಿಯ ಮೇಲೂ ಅವನ ತೋಳು ಬಿಡಲಿಲ್ಲ.

ಪ್ರಾಗ್ ತಲುಪಿದ ಮರುದಿನ ಬೆಳಗ್ಗೆಯೇ ಮಳೆ ಹಿಡಿಯಿತು. ಕೋಟೆಯ ಟಿಕೆಟ್ ಸಾಲಿನಲ್ಲಿ ಒಂದು ಗಂಟೆ ನೆನೆದ ಮೇಲೆ ಮೊಮ್ಮಗಳು ಫ್ಲೋರಾ ಮುಷ್ಕರ ಹೂಡಿದಳು.

"ಅಮ್ಮಾ, ನೋಡೋ ಜಾಗಗಳ ಆ ಪಟ್ಟಿ ಹರಿದು ಹಾಕು. ನಂಗೆ ಸೂಪ್ ಬೇಕು."

"ನಂಗೂ. ಕಾಫಿನೂ ಬೇಕು, ಆದ್ರೆ ಇವರು ಕೊಡೋ ಬಕೆಟ್ಟಿನಂಥ ಕಪ್ಪಿನಲ್ಲಿ ಬೇಡ" ಎಂದಳು ಅಜ್ಜಿ.

ನೊಯೆಮಿಯಾ ನಿಜಕ್ಕೂ ಪಟ್ಟಿ ಮಡಿಚಿಟ್ಟಳು. ನಾಲ್ವರೂ ಒಂದು ಇಳಿಜಾರು ಬೀದಿ ಹಿಡಿದರು. ಫ್ಲೋರಾಳ ಕೊಡೆ ಗಾಳಿಗೆ ಮಗುಚಿತು. ಅರ್ಮಿಂದಾ ಅದನ್ನು ಸರಿಮಾಡಲು ಎರಡೂ ಕೈ ಹಾಕಿದಳು. ಹಾಗೇ ಮೊಮ್ಮಗಳ ಜೊತೆ ಮಾತಾಡುತ್ತ ಹತ್ತು ಹೆಜ್ಜೆ ಹೋದಳು, ಇಪ್ಪತ್ತು ಹೆಜ್ಜೆ ಹೋದಳು.

"ಅರ್ಮಿಂದಾ! ನಿಲ್ಲು!"

ಅವಳು ಬೆಚ್ಚಿ ನಿಂತಳು. "ಏನಾಯ್ತು? ಪರ್ಸ್ ಹೋಯ್ತಾ?"

"ನನ್ನ ಕೈ ಬಿಟ್ಟಿದೀಯ ಕಣೆ! ಮಳೇಲಿ! ಇಳಿಜಾರಲ್ಲಿ!"

ಬೆಲ್ಮೀರು ನೀರು ಹರಿಯುವ ನೆಲದಲ್ಲೇ ಮಂಡಿಯೂರಿದ. ಅಂಗೈ ಆಡಿಸಿದ. ಎರಡು ಸಾಲು ನುಣುಪಾದ ಬಿಳಿ ಕಲ್ಲು, ಒಂದು ಸಾಲು ಒರಟಾದ ಬೂದುಕಲ್ಲು, ಮತ್ತೆ ಎರಡು ಬಿಳಿ. ಮೇಲಿಂದ ನೋಡಿದರೆ ಚಿತ್ತಾರ. ಕಾಲಿಗೆ ಮಾತ್ರ ಮೆಟ್ಟಿಲಿನ ಅಂಚು ಸಿಕ್ಕಂತೆ ಹಿಡಿತ. ಅವನು ತಟ್ಟನೆ ಕತ್ತೆತ್ತಿ ಹೆಂಡತಿಯನ್ನು ಕರೆದ.

"ಇನ್ನೊಂದ್ಸಲ ನಡಿ. ಮೇಲಿಂದ ಬಾ. ಬೇಗ ಬೇಗ ಬಾ!"

"ನಾನೇನು ಸರ್ಕಸ್ ಕುದುರೇನಾ?" ಎಂದು ಬೈಯುತ್ತಲೇ ಅರ್ಮಿಂದಾ ಮೂರು ಸಲ ಹತ್ತಿ ಇಳಿದಳು. ಮೂರನೆಯ ಸಲ ಅವಳ ಮುಖವೂ ಅರಳಿತ್ತು. "ಇದು ರಬ್ಬರ್ ಅಟ್ಟೆ, ಇದನ್ನ ನಂಬಬೇಡ. ಚರ್ಚಿಗೆ ಅಂತ ಆ ನುಣುಪು ಅಟ್ಟೆಯ ಜೋಡು ತಂದಿದೀನಿ, ಅವತ್ತು ಬಿದ್ದಾಗ ಹಾಕಿದ್ದು. ನಡೀರಿ, ತರೋಣ."

ಕೋಟೆ ಅಲ್ಲೇ ಉಳಿಯಿತು. ಸೂಪೂ ತಡವಾಯಿತು. ಹೋಟೆಲಿಗೆ ಹೋಗಿ ಜೋಡು ಬದಲಿಸಿ ಬಂದ ಅರ್ಮಿಂದಾ ಅದೇ ಇಳಿಜಾರಿನಲ್ಲಿ ಒಬ್ಬಳೇ ನಡೆದಳು, ಒಮ್ಮೆಯೂ ಜಾರಲಿಲ್ಲ. ಫ್ಲೋರಾ ಸಾಲುಗಳನ್ನು ಎಣಿಸಿದಳು. ಬೊಬ್ಬೆ ಬಂದ ಕಾಲಲ್ಲೇ ಕೂತು ನೊಯೆಮಿಯಾ ಕಲ್ಲುಗಳನ್ನು ಗೇಣು ಹಾಕಿ ಅಳೆದಳು. ರಜೆಯುದ್ದಕ್ಕೂ ನಾಲ್ವರಿಗೂ ಇಷ್ಟು ಖುಷಿ ಆಗಿರಲಿಲ್ಲ.

ಸೆಪ್ಟೆಂಬರಿನ ಸಭೆಯಲ್ಲಿ ಬೆಲ್ಮೀರು ಪ್ರಾಗಿನಲ್ಲಿ ಮಗಳು ತೆಗೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಬಿಳಿ ಕಲ್ಲಿನ ನಡುವೆ ಒರಟು ಸಾಲು ಸೇರಿಸಿ ಹೊಸದಾಗಿ ಹಾಸುವುದನ್ನು ಒಂದೇ ಉಸಿರಿಗೆ ವಿವರಿಸಿದ. ಬಡಾವಣೆಯ ಅಧ್ಯಕ್ಷ ಅಡ್ಡಗೋಡೆಯ ಮೇಲೆ ದೀಪ ಇಡುವ ಗಿರಾಕಿ. "ಚೆನ್ನಾಗಿದೆ ಬೆಲ್ಮೀರು, ನೋಡೋಣ" ಎಂದ. "ಆದ್ರೆ ಫೋಟೋದ ಮೇಲೆ ಯಾರೂ ನಡೆಯಲ್ಲ. ನಿನ್ನ ಕಲ್ಲಿನ ಮೇಲೆ ಜನ ಬಿದ್ದಿದಾರೆ. ದೂರು ಬಂದಿದೆ."

ಹಿಂದಿನ ಸಾಲಿನಿಂದ ಅರ್ಮಿಂದಾ ಎದ್ದಳು. "ಜನ ಜನ ಅಂತೀರಲ್ಲ, ಮೊದಲು ದೂರು ಬರೆದವಳು ನಾನು."

ಬೆಲ್ಮೀರು ತಿರುಗಿದ. "ನೀನಾ?"

"ನಾನೇ. ಎಡಗೈಯಲ್ಲಿ ಬರೆದೆ, ಬಲಗೈಗೆ ಪ್ಲಾಸ್ಟರ್ ಇತ್ತಲ್ಲ. ನಿಂಗೆ ಹೇಳೋ ಧೈರ್ಯ ಬರಲಿಲ್ಲ. ಕೂತ್ಕೋ, ಇನ್ನೂ ಮುಗಿದಿಲ್ಲ." ಅವಳು ಅಧ್ಯಕ್ಷನ ಕಡೆ ನೋಡಿದಳು. "ಆ ದೂರು ವಾಪಸ್ ತಗೋತೀನಿ. ಮಾರ್ಕೆಟ್ಟಿನ ಬಾಗಿಲ ಮುಂದೆ ಹದಿನೈದು ಮೀಟರ್ ಇವನಿಗೆ ಬಿಟ್ಟುಕೊಡಿ. ಮೊದಲ ಮಳೆಗೆ, ಮೊದಲು ನಾನು ನಡೀತೀನಿ. ಬಿದ್ರೆ ಸಿಮೆಂಟ್ ಹಾಕಿ."

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷನಿಗೆ ಒಪ್ಪದೆ ಗತಿಯಿರಲಿಲ್ಲ. ಬೆಲ್ಮೀರುವಿಗೆ ಸಿಟ್ಟೂ ಬಂತು, ಸಂತೋಷವೂ ಉಕ್ಕಿತು, ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಬರೀ ಕಣ್ಣೊರೆಸಿಕೊಂಡ.

ಅರ್ಮಿಂದಾ ಕೂರಲು ಹೊರಟವಳು ಮತ್ತೆ ನೆಟ್ಟಗಾದಳು.

"ಇನ್ನೊಂದು ಮಾತು. ಆ ಕಪ್ಪು ಅಲೆ ಮಾತ್ರ ಹಾಗೇ ಇರಲಿ. ಬಿದ್ದ ದಿನ ಬೈದಿದ್ದೆ, ಆದ್ರೂ ಅದು ಚೆನ್ನಾಗಿದೆ."